ದೊಡ್ಡನಾರಾಯಣಪ್ಪನ ಇಂಗ್ಲೆಂಡಿನ ಆಳು

ಚಿಂತಮಾನುಪಲ್ಲಿಯ ದೊಡ್ಡನಾರಾಯಣಪ್ಪ ಸುಳ್ಳುಗಾರನೇನೂ ಅಲ್ಲ. ಮಾವಿನ ಫಸಲು ಎಷ್ಟು ಬಂತೆಂದು ಕೇಳಿದವರಿಗೆ ಅರ್ಧ ಹೇಳುವುದು, ಮಂಡಿನೋವು ಹೇಗಿದೆ ಎಂದು ಕೇಳಿದವರಿಗೆ ಎರಡರಷ್ಟು ಹೇಳುವುದು, ಇವನ್ನೆಲ್ಲ ರಾಯಲ್ಪಾಡಿನ ಕಡೆ ಯಾರೂ ಸುಳ್ಳಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಥವನು ಅರವತ್ತು ದಾಟಿದ ಮೇಲೆ, ಅದೂ ಇಂಗ್ಲೆಂಡಿಗೆ ಹೋಗಿ, ಒಂದು ಸುಳ್ಳು ಹೇಳಿದ. ಹೇಳುವಾಗ ಅದು ಬಹಳ ಸಣ್ಣದಾಗಿತ್ತು.

ಅವನ ಮಗಳು ರಾಧಾ ನರ್ಸು. ಇಂಗ್ಲೆಂಡಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ಕೆಲಸ. ಅಳಿಯ ಮುನೇಶನಿಗೂ ಅಲ್ಲೇ, ಅಡುಗೆಮನೆಯಲ್ಲಿ. ರಾಧಾ ಬಸುರಿಯಾದಾಗ ಬಾಣಂತನಕ್ಕೆಂದು ದೊಡ್ಡನಾರಾಯಣಪ್ಪನೂ ಹೆಂಡತಿ ವೆಂಕಟರತ್ನಮ್ಮನೂ ಹೊರಟರು. ನಿಜ ಹೇಳಬೇಕೆಂದರೆ ಬಾಣಂತನಕ್ಕೆ ಬೇಕಾಗಿದ್ದವಳು ವೆಂಕಟರತ್ನಮ್ಮ. ದೊಡ್ಡನಾರಾಯಣಪ್ಪ ಅವಳ ಸಾಮಾನಿನ ಜೊತೆ ಹೋದವನು. ಆದರೆ ರಾಯಲ್ಪಾಡಿನ ಬಸ್‌ಸ್ಟಾಪಿನಲ್ಲಿ ಹಾರ ಬಿದ್ದದ್ದು ಅವನ ಕೊರಳಿಗೆ.

ಹಾರ ತಂದವನು ವೆಂಕಟರತ್ನಮ್ಮನ ಅಣ್ಣ ವೆಂಕಟರಾಯಪ್ಪ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವನು, ನಾಲ್ಕು ಜನರ ಮುಂದೆ ಮಾತಾಡಿದರೆ ಮಾತ್ರ ಮಾತಾಡಿದ ಹಾಗೆ ಅನ್ನುವ ಸ್ವಭಾವದವನು.

“ಬಾವಾ, ಲಂಡನ್‌ಗೆ ಹೋದ್ಮೇಲೆ ಲಂಡನ್‌ನವರ ಥರಾನೇ ಇರ್ಬೇಕು,” ಎಂದ. “ವಾರಕ್ಕೊಂದ್ಸಲ ವೀಡಿಯೋ ಕಾಲ್ ಮಾಡು. ಮಂಡಿ ಟೀವಿಗೆ ಹಾಕ್ತೀನಿ. ಎಲ್ರೂ ಕೂತ್ಕೊಂಡು ನೋಡ್ತೀವಿ.”

ದೊಡ್ಡನಾರಾಯಣಪ್ಪ ಆಗಲೆಂದ. ಲಂಡನ್ನು ಎಂಥದ್ದೋ ಅವನಿಗೆ ಗೊತ್ತಿರಲಿಲ್ಲ. ರಾಧಾ ಇರುವ ಊರಿಗೆ ತಾರ್ನ್‌ವಿಕ್ ಅನ್ನುತ್ತಾರೆ ಎಂಬುದಷ್ಟೇ ಗೊತ್ತಿತ್ತು. ಅದು ಲಂಡನ್ನಿನ ಒಂದು ಬಡಾವಣೆ ಇರಬೇಕು, ಬೆಂಗಳೂರಿಗೆ ಮಲ್ಲೇಶ್ವರ ಇದ್ದ ಹಾಗೆ, ಎಂದುಕೊಂಡಿದ್ದ.

ವಿಮಾನ ಇಳಿದು, ರೈಲು ಹತ್ತಿ, ಅದನ್ನು ಇಳಿದು ಇನ್ನೊಂದು ರೈಲು ಹತ್ತಿ, ಆಮೇಲೆ ಮುನೇಶನ ಕಾರಿನಲ್ಲಿ ಎರಡು ಕಡೆಯೂ ಬೇಲಿ ಒತ್ತಿಕೊಂಡು ಬಂದ ಗಾಡಿದಾರಿಯಂಥ ರಸ್ತೆಯಲ್ಲಿ ಬಹಳ ದೂರ ಹೋದ ಮೇಲೆ ಕಾರು ನಿಂತಿತು. ದೊಡ್ಡನಾರಾಯಣಪ್ಪ ಇಳಿದು ಸುತ್ತ ನೋಡಿದ. ಒಂದು ಕಲ್ಲಿನ ಚರ್ಚು. ಅದರ ಸುತ್ತ, ಊರಿನ ನಡುವೆಯೇ, ಸಮಾಧಿಗಳು. ಹದಿನೈದೋ ಇಪ್ಪತ್ತೋ ಮನೆ. ಮಿಕ್ಕಿದ್ದೆಲ್ಲ ಹುಲ್ಲು.

“ಊರು ಎಲ್ಲಮ್ಮ?” ಎಂದ ಮಗಳಿಗೆ.

“ಇದೇ ಅಪ್ಪ.”

“ಇದು ಸರಿ. ಲಂಡನ್ನು?”

“ಲಂಡನ್ ದೂರ ಅಪ್ಪ. ನಾನೂ ಒಂದೇ ಸಲ ನೋಡಿರೋದು.”

ತಾರ್ನ್‌ವಿಕ್ಕಿನಲ್ಲಿ ಒಂದು ಟೀ ಅಂಗಡಿ ಇರಲಿಲ್ಲ. ಅಂಗಡಿಯೇ ಇರಲಿಲ್ಲ. ಬಸ್ಸು ವಾರಕ್ಕೆ ಎರಡು ದಿನ ಬರುತ್ತಿತ್ತು, ಬಂದಾಗ ಹತ್ತುವವರಿರಲಿಲ್ಲ. ಕೆಂಪು ಬಣ್ಣದ ಒಂದು ಟೆಲಿಫೋನ್ ಡಬ್ಬಿ ಇತ್ತು, ಒಳಗೆ ಟೆಲಿಫೋನ್ ಇರಲಿಲ್ಲ, ಯಾರೋ ಓದಿ ಬಿಟ್ಟ ಪುಸ್ತಕಗಳಿದ್ದವು. ಕಣ್ಣು ಹಾಯುವಷ್ಟು ಹೊಲ, ಹೊಲಕ್ಕೆ ಬೇಲಿ, ಬೇಲಿಗೆ ಗೇಟು, ಗೇಟಿನ ಪಕ್ಕ ‘ಇಲ್ಲಿಂದ ನಡೆದು ಹೋಗಬಹುದು’ ಎಂದು ಬಾಣ ಹಾಕಿದ ಮರದ ಕಂಬ. ಇನ್ನೊಬ್ಬನ ಹೊಲದ ನಡುವೆ ಯಾರು ಬೇಕಾದರೂ ನಡೆಯಬಹುದು, ಕೇಸು ಹಾಕುವುದಿಲ್ಲ ಎಂದು ಮುನೇಶ ಹೇಳಿದಾಗ, ಬದುವಿನ ವಿಷಯಕ್ಕೆ ಶ್ರೀನಿವಾಸಪುರದ ಕೋರ್ಟು ನೋಡಿದ್ದ ದೊಡ್ಡನಾರಾಯಣಪ್ಪ ಅದನ್ನು ನಂಬಲಿಲ್ಲ. ಅಷ್ಟು ಹೊಲದಲ್ಲಿ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ. ಕಳೆ ಕೀಳುವವರಿಲ್ಲ, ನೀರು ಕಟ್ಟುವವರಿಲ್ಲ, ಬುತ್ತಿ ಹೊತ್ತು ಬರುವವರಿಲ್ಲ. ವೆಂಕಟರತ್ನಮ್ಮ ಮೊದಲ ದಿನವೇ ಊರಿಗೆ ‘ತೋರಣವಿಕ್ಕು’ ಎಂದು ಹೆಸರಿಟ್ಟು, ಸಂಜೆಯಾದ ಮೇಲೆ ಸಮಾಧಿಗಳ ಪಕ್ಕ ಹಾದು ಹೋಗುವುದಿಲ್ಲವೆಂದು ಹೇಳಿ ಅಡುಗೆಮನೆ ಸೇರಿದಳು.

ಮಗು ಹುಟ್ಟಿತು. ಹೆಣ್ಣು. ಚಂದನ ಎಂದು ಹೆಸರಿಟ್ಟರು. ಮನೆಯಲ್ಲಿ ಎಲ್ಲರಿಗೂ ಕೆಲಸವಾಯಿತು, ದೊಡ್ಡನಾರಾಯಣಪ್ಪನಿಗೆ ಮಾತ್ರ ಇಲ್ಲ. ಮಗುವನ್ನು ಎತ್ತಿಕೊಂಡರೆ ಕೈ ತೊಳೆದ್ರಾ ಅನ್ನುತ್ತಿದ್ದರು, ಕೂತರೆ ಅಲ್ಲಿ ಬಟ್ಟೆ ಒಣಹಾಕಬೇಕು ಏಳಿ ಅನ್ನುತ್ತಿದ್ದರು. ಅವನು ಮಂಕಿಕ್ಯಾಪು ಹಾಕಿ, ಪಂಚೆಯ ಕೆಳಗೆ ಅಳಿಯನ ಪ್ಯಾಂಟು ತೊಟ್ಟು, ಹೊರಗೆ ಹೋಗಿ ಪಕ್ಕದ ಹೊಲದ ಗೇಟಿಗೆ ಒರಗಿ ನಿಲ್ಲತೊಡಗಿದ. ಗೇಟಿನ ಆಚೆ ಹಸುಗಳಿದ್ದವು. ಕಪ್ಪು ಬಿಳುಪು, ಒಂದಕ್ಕೂ ಕೊಂಬಿಲ್ಲ. ಅವು ಅವನನ್ನು ನೋಡುತ್ತಿದ್ದವು. ಅವನು ಅವುಗಳನ್ನು ನೋಡುತ್ತಿದ್ದ. ಆ ಊರಿನಲ್ಲಿ ಅವನಿಗೆ ಪರಿಚಯದವರು ಅಂತ ಆದದ್ದು ಮೊದಲು ಅವೇ.

ನಾಲ್ಕೈದು ದಿನ ಇದನ್ನು ಕಂಡ ಹಸುಗಳ ಯಜಮಾನ ಗೇಟು ತೆಗೆದು, ಕೈಬೀಸಿ ಒಳಗೆ ಕರೆದ. ಎಪ್ಪತ್ತರ ಹತ್ತಿರದ ಮುದುಕ, ಮದುವೆಯಾಗದವನು. ಹೆಸರು ಡೆರಿಕ್. ಹಾಲಿನವನಾದ್ದರಿಂದ ವೆಂಕಟರತ್ನಮ್ಮ ಅದನ್ನು ಡೇರಿಯಪ್ಪ ಎಂದು ತಿದ್ದಿದಳು. ಸುತ್ತಲಿನ ಹೊಲದಲ್ಲಿ ಮುಕ್ಕಾಲು ಪಾಲು ಅವನದೇ ಎಂದು ರಾಧಾ ಹೇಳಿದರೂ ನೋಡಿದರೆ ಹಾಗನ್ನಿಸುತ್ತಿರಲಿಲ್ಲ. ಮೊಣಕಾಲಿನವರೆಗೆ ರಬ್ಬರ್ ಬೂಟು, ಬೂಟಿನ ತುಂಬ ಸಗಣಿ, ಗುಂಡಿಗಳೆಲ್ಲ ಉದುರಿದ ಕೋಟು, ಆ ಕೋಟು ಬಿಚ್ಚಿಕೊಳ್ಳದ ಹಾಗೆ ಸೊಂಟಕ್ಕೆ ಹುಲ್ಲಿನ ಪೆಂಡಿ ಕಟ್ಟುವ ನೀಲಿ ಹುರಿ.

ಅಂದಿನಿಂದ ದೊಡ್ಡನಾರಾಯಣಪ್ಪನ ಹಗಲು ಕೊಟ್ಟಿಗೆಯಲ್ಲಿ, ಡೆರಿಕ್‌ನ ಜೊತೆ ಸಗಣಿ ಎತ್ತುವುದರಲ್ಲಿ ಕಳೆಯಿತು. ಡೆರಿಕ್ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ದೊಡ್ಡನಾರಾಯಣಪ್ಪ ಕನ್ನಡದಲ್ಲಿ ಶುರುಮಾಡಿ, ಅದು ಹಿಡಿಯಲಿಲ್ಲವೆಂದು ಕಂಡರೆ ತೆಲುಗಿಗೆ ಹೋಗುತ್ತಿದ್ದ. ಹಸುವಿಗೆ ಹೊಟ್ಟೆಯುಬ್ಬರವಾದಾಗ, ಕರು ಅಡ್ಡ ಬಂದಾಗ, ಮಳೆ ಬರಬಹುದೇ ಎಂದು ಇಬ್ಬರೂ ಮೇಲೆ ನೋಡಿದಾಗ ಯಾವ ಭಾಷೆಯೂ ಬೇಕಾಗಲಿಲ್ಲ. ಹೊತ್ತೇರಿದ ಮೇಲೆ ಇಬ್ಬರೂ ಹುಲ್ಲಿನ ಪೆಂಡಿಯ ಮೇಲೆ ಕೂತು, ಅವನ ಬ್ರೆಡ್ಡಿಗೆ ಇವನ ಮಾವಿನಕಾಯಿ ಉಪ್ಪಿನಕಾಯಿ ಹಚ್ಚಿ ತಿನ್ನುತ್ತಿದ್ದರು. ಮೊದಲ ಸಲ ಡೆರಿಕ್‌ನ ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಒಂದು ಚೊಂಬು ಹಾಲು ಗಟಗಟ ಕುಡಿದ. ಮಾರನೆಯ ದಿನ ಅವನೇ ಬೆರಳು ತೋರಿಸಿ ಕೇಳಿದ. ಆ ಹುಮ್ಮಸ್ಸಿನಲ್ಲಿ ದೊಡ್ಡನಾರಾಯಣಪ್ಪ, “ಯೂ ಕಮ್. ಮೈ ಹೌಸ್. ಮ್ಯಾಂಗೋ,” ಎಂದು, ಎಷ್ಟು ಎಂಬುದನ್ನು ತೋರಿಸಲು ಎರಡು ಕೈಯನ್ನೂ ಅಗಲಿಸಿದ. ಕರೆದರೆ ಬಂದುಬಿಡುತ್ತಾರೆ ಎಂದು ಯಾರೂ ಅಂದುಕೊಂಡು ಕರೆಯುವುದಿಲ್ಲ.

ಇಷ್ಟರಲ್ಲಿ ಶ್ರೀನಿವಾಸಪುರದಿಂದ ಫೋನು ಬರುತ್ತಲೇ ಇತ್ತು. ವೆಂಕಟರಾಯಪ್ಪ, ಅವನ ಹಿಂದೆ ಮಂಡಿಯ ಜನ, ಎಲ್ಲರೂ ಲಂಡನ್ ನೋಡಲು ಕಾದಿದ್ದರು. ದೊಡ್ಡನಾರಾಯಣಪ್ಪ ಚರ್ಚಿನ ಗೋಡೆ ತೋರಿಸಿದ, ಕೆಂಪು ಡಬ್ಬಿ ತೋರಿಸಿದ, ಮೋಡ ತೋರಿಸಿದ. ಆಮೇಲೆ ತೋರಿಸಲು ಊರು ಉಳಿಯಲಿಲ್ಲ.

“ಏನ್ ಬಾವಾ, ಮಳಿಗೆ ಇಲ್ಲ, ಮನುಷ್ಯರಿಲ್ಲ,” ಎಂದ ವೆಂಕಟರಾಯಪ್ಪ ಒಂದು ದಿನ. “ನಮ್ ರಾಯಲ್ಪಾಡೇ ವಾಸಿ ಅನ್ಸುತ್ತೆ. ಕುರಿ ಬೇರೆ ಅರಚ್ತಾ ಇರೋ ಹಂಗಿದೆ.”

ಹಿಂದೆ ಮಂಡಿಯ ಜನ ನಕ್ಕದ್ದು ಕೇಳಿಸಿತು. ದೊಡ್ಡನಾರಾಯಣಪ್ಪನ ಮುಖಕ್ಕೆ ರಕ್ತ ಏರಿತು. ಆಗಲೇ ಅವನ ಬೆನ್ನ ಹಿಂದೆ ಡೆರಿಕ್ ಸಗಣಿಯ ಕೈಗಾಡಿ ತಳ್ಳಿಕೊಂಡು ಬಂದ. ಫೋನಿನೊಳಗೆ ಜನ ಕಂಡು, ನಿಂತು, ನಕ್ಕು, ಟೋಪಿ ಎತ್ತಿದ.

“ಅದ್ಯಾರು ಬಾವಾ, ಹುರಿ ಕಟ್ಕೊಂಡವ್ನು?”

“ಅವ್ನಾ?” ಎಂದ ದೊಡ್ಡನಾರಾಯಣಪ್ಪ. “ನಮ್ ಆಳು.”

ಮಂಡಿಯಲ್ಲಿ ನಗು ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ ಫೋನು ಕೆಟ್ಟಿತೆಂದುಕೊಂಡು ದೊಡ್ಡನಾರಾಯಣಪ್ಪ ಅದನ್ನು ಅಲ್ಲಾಡಿಸಿದ.

“ಬಿಳೀ ಮನುಷ್ಯ ಬಾವಾ ಅವ್ನು,” ಎಂದ ವೆಂಕಟರಾಯಪ್ಪ, ಬೇರೆಯೇ ದನಿಯಲ್ಲಿ.

“ಹೌದು. ಇಲ್ಲಿ ಅವ್ರೇ ಸಿಗೋದು.”

ವೆಂಕಟರತ್ನಮ್ಮ ಇದನ್ನು ಕೇಳಿಸಿಕೊಂಡಳು. “ಆಯಪ್ಪನ ಹೊಲದಲ್ಲಿ ನಿಂತ್ಕೊಂಡು ಆಯಪ್ಪನ್ನೇ ಆಳು ಅಂದ್ಬಿಟ್ರಲ್ಲ,” ಎಂದಳು. ತಮಾಷೆಗೆ ಅಂದದ್ದು, ಊರಿಗೆ ಹೋಗಿ ಸರಿಮಾಡ್ತೀನಿ ಎಂದ ದೊಡ್ಡನಾರಾಯಣಪ್ಪ.

ಊರಿಗೆ ಬಂದಾಗ ಸರಿಮಾಡುವ ಸ್ಥಿತಿ ಮೀರಿತ್ತು. ರಾಯಲ್ಪಾಡಿನಲ್ಲಿ ಬಸ್ಸಿಳಿದರೆ ಟೀ ಅಂಗಡಿಯವನು ಕಾಸು ತೆಗೆದುಕೊಳ್ಳಲಿಲ್ಲ. ಹಿಂದೆ ‘ಏನ್ಲಾ ನಾರಾಯಣ’ ಅನ್ನುತ್ತಿದ್ದವರು ‘ಬನ್ನಿ ಗೌಡ್ರೆ’ ಅಂದರು. ಒಂದು ಆಳಿದ್ದದ್ದು ಜನರ ಬಾಯಲ್ಲಿ ಮೂರಾಗಿ, ಅದರಲ್ಲಿ ಒಬ್ಬ ಕಾಲೊತ್ತುವುದಕ್ಕೆಂದೇ ಇದ್ದಾನೆ ಎಂಬಲ್ಲಿಗೆ ಬಂದಿತ್ತು. ಮಾವು ಬೆಳೆಗಾರರ ಸಂಘದವರು ಸನ್ಮಾನ ಇಟ್ಟುಕೊಂಡರು. ಅದಕ್ಕೆ ತೋಟಗಾರಿಕೆಯ ಅಧಿಕಾರಿಯೊಬ್ಬರು ಬಂದು, ಮಾವಿಗೆ ಬೀಳುವ ಊಜಿ ನೊಣದ ಬಗ್ಗೆ ಎರಡು ಮಾತು ಹೇಳಿ, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಒಂದು ಕಾಲದಲ್ಲಿ ಅವರು ನಮ್ಮಿಂದ ಕೆಲಸ ತೆಗೆಸಿದರು. ಇಂದು ನಮ್ಮ ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ಸಾಮಾನ್ಯ ರೈತ ಅವರಿಂದ ಸಗಣಿ ಎತ್ತಿಸಿದ್ದಾರೆ. ಇತಿಹಾಸ ಇದನ್ನು ಮರೆಯಬಾರದು,” ಎಂದರು. ಚಪ್ಪಾಳೆ ಬಹಳ ಹೊತ್ತು ಬಿತ್ತು. ದೊಡ್ಡನಾರಾಯಣಪ್ಪ ಸತ್ಯ ಹೇಳಬೇಕೆಂದು ಎದ್ದು ನಿಂತ. ಮೈಕು ಕೈಗೆ ಬಂತು. ಶಾಲು ಬೆಚ್ಚಗಿತ್ತು. “ಎಲ್ಲಾ ನಿಮ್ಮ ಆಶೀರ್ವಾದ,” ಎಂದು ಕೂತ.

ಮುಂದಿನ ಬೇಸಿಗೆ, ತೋತಾಪುರಿಗೆ ಬಣ್ಣ ತಿರುಗುವ ಹೊತ್ತಿಗೆ, ರಾಧಾ ಫೋನು ಮಾಡಿದಳು.

“ಅಪ್ಪ, ಡೆರಿಕ್ ಅಲ್ಲಿಗೆ ಬರ್ತಿದಾರೆ.”

“ಎಲ್ಲಿಗೆ?”

“ನಮ್ಮೂರಿಗೆ. ನೀನೇ ಕರೆದಿದ್ದಂತೆ, ಮಾವಿನಹಣ್ಣಿಗೆ. ಹಸು ನೋಡ್ಕೊಳೋಕೆ ತಂಗಿ ಮಗನ್ನ ಕರೆಸವ್ರೆ. ಅವ್ರು ಇದುವರ್ಗೂ ವಿಮಾನಾನೇ ಹತ್ತಿಲ್ವಂತೆ ಅಪ್ಪ. ಎಷ್ಟು ಖುಷಿಯಾಗವ್ರೆ ಗೊತ್ತಾ?”

ದೊಡ್ಡನಾರಾಯಣಪ್ಪ ಈ ಸಲ ಹಣ್ಣು ಕೈಕೊಟ್ಟಿದೆ ಎಂದ. ಬಿಸಿಲು ವಿಪರೀತ ಎಂದ. ಚಿಕೂನ್‌ಗುನ್ಯ ಎಂದ. ರಾಧಾ ಎಲ್ಲವನ್ನೂ ಡೆರಿಕ್‌ಗೆ ಹೇಳಿದಳು. ಕಷ್ಟಕಾಲದಲ್ಲಿ ಸ್ನೇಹಿತನ ಜೊತೆಗಿರಬೇಕು ಎಂದು ಡೆರಿಕ್ ಟಿಕೆಟನ್ನು ಒಂದು ವಾರ ಮುಂಚೆಗೆ ಮಾಡಿಸಿಕೊಂಡ.

ಮುನೇಶನ ತಮ್ಮ ಚಂದ್ರು ಟ್ಯಾಕ್ಸಿ ಓಡಿಸುತ್ತಿದ್ದ. ಅವನೇ ಏರ್‌ಪೋರ್ಟಿಗೆ ಹೋಗಿ ಕರೆತಂದ. ಕಾರು ಚಿಂತಮಾನುಪಲ್ಲಿಗೆ ಬಂದಾಗ ಹುಣಸೆಮರದ ಕೆಳಗೆ ಇಡೀ ಊರು ನಿಂತಿತ್ತು. ಡೆರಿಕ್ ಇಳಿದ. ಅದೇ ಕೋಟು. ಹುರಿ ಮಾತ್ರ ಹೊಸದು. ದೊಡ್ಡನಾರಾಯಣಪ್ಪನನ್ನು ಕಂಡವನೇ ಎರಡು ಕೈಯಲ್ಲೂ ಅವನ ಕೈ ಹಿಡಿದು, ಬಿಡದೆ, ತಲೆ ಬಾಗಿಸಿ ಬಾಗಿಸಿ ಅಲ್ಲಾಡಿಸಿದ.

“ಯಜಮಾನ್ರು ಅಂದ್ರೆ ಎಷ್ಟು ಭಕ್ತಿ ನೋಡ್ರೆ,” ಎಂದಳು ಕೂಲಿಗೆ ಬರುವ ಕದಿರಮ್ಮ, ಪಕ್ಕದವಳಿಗೆ. “ನಮಗೂ ಒಬ್ರು ಅವ್ರೆ ಯಜಮಾನ್ರು, ಸುಣ್ಣದ ಡಬ್ಬಿ ಕೊಡೋಕೂ ಹಿಂದೆ ಮುಂದೆ ನೋಡ್ತಾರೆ.”

ದೊಡ್ಡನಾರಾಯಣಪ್ಪ ಡೆರಿಕ್‌ಗೆ ಮಾಳಿಗೆಯ ಮೇಲಿನ ಕೋಣೆ ಬಿಡಿಸಿ, ಹೊಸ ಫ್ಯಾನು ಹಾಕಿಸಿದ್ದ. ನಾಲ್ಕು ದಿನ ಅವನನ್ನು ಅಲ್ಲೇ ಕೂರಿಸಿ, ಹಣ್ಣು ತಿನ್ನಿಸಿ, ಜನರ ಕಣ್ಣಿಗೆ ಬೀಳದ ಹಾಗೆ ಕಳಿಸಿಬಿಡಬೇಕೆಂಬುದು ಅವನ ಲೆಕ್ಕ. ಆದರೆ ಜೀವಮಾನವೆಲ್ಲ ಹಸು ಕಟ್ಟಿದವನು ಕೋಣೆಯಲ್ಲಿ ಕೂರುತ್ತಾನೆಯೇ. ಬೆಳಕು ಹರಿಯುವ ಮುಂಚೆ ಇಳಿದು ಕೊಟ್ಟಿಗೆಗೆ ಹೋಗಿ, ಗಂಜಲ ಬಳಿದು, ಸಗಣಿ ಬಾಚಿ, ಬರಿಗೈಯಲ್ಲಿ ಹಸುವಿನ ಮೈ ತಿಕ್ಕಿದ. ಅವನ ಪಾಲಿಗೆ ಅದು ನೆಂಟರ ಮನೆಗೆ ಬಂದ ಸಂತೋಷ. ಕಾಂಪೌಂಡಿನ ಹೊರಗೆ ನಿಂತ ಜನರ ಪಾಲಿಗೆ ಅದು ರುಜುವಾತು.

ಊರ ಹುಡುಗರು ಅವನ ಹತ್ತಿರ ಕ್ರಿಕೆಟ್ ಮಾತಾಡಿದರು, ಫೋಟೋ ತೆಗೆಸಿಕೊಂಡರು. ಇಂಗ್ಲಿಷ್ ಬಲ್ಲವರಿದ್ದರು. ಆದರೆ ನೀನು ಆಳಲ್ಲವೇ ಎಂದು ಮನುಷ್ಯನ ಮುಖದ ಮೇಲೆ ಯಾರೂ ಕೇಳಲಿಲ್ಲ, ಅಷ್ಟು ಮರ್ಯಾದೆ ಚಿಂತಮಾನುಪಲ್ಲಿಯವರಿಗೆ ಇದೆ. ಅವನ ಬೆನ್ನ ಹಿಂದೆ ಮಾತ್ರ ಚಿಕ್ಕಮಕ್ಕಳಿಂದ ಹಿಡಿದು ಎಲ್ಲರೂ ಆಳು, ಆಳು ಅನ್ನುತ್ತಿದ್ದರು. ಅಷ್ಟು ಸಲ ಕೇಳಿದ ಮೇಲೆ ಡೆರಿಕ್ ಎರಡನೆಯ ದಿನ ಮಧ್ಯಾಹ್ನ ದೊಡ್ಡನಾರಾಯಣಪ್ಪನ ಮುಂದೆ ನಿಂತು, ತನ್ನ ಎದೆ ಮುಟ್ಟಿಕೊಂಡು, “ಆಲು?” ಎಂದು ಹುಬ್ಬೇರಿಸಿದ.

ನಿಜ ಹೇಳಲು ದೊಡ್ಡನಾರಾಯಣಪ್ಪನಿಗೆ ದೇವರೇ ಬಾಗಿಲು ತೆರೆದು ಕೊಟ್ಟ ಹಾಗಿತ್ತು. ಆದರೆ ಅವನಿಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಒಳ್ಳೆಯ ಮಾತು ಒಂದೇ ಇತ್ತು.

“ಫ್ರೆಂಡ್,” ಎಂದ. “ಆಳು, ಫ್ರೆಂಡ್.”

ಡೆರಿಕ್‌ನ ಮುಖ ಅರಳಿತು. ಅವತ್ತಿನಿಂದ ಎದುರು ಸಿಕ್ಕವರಿಗೆಲ್ಲ ಎದೆ ಮುಟ್ಟಿಕೊಂಡು “ನಾನು ಆಲು” ಎಂದು ಹೇಳಿಕೊಂಡು ಓಡಾಡಿದ. ಟೀ ಅಂಗಡಿಯವನು, ಇಷ್ಟು ಹೆಮ್ಮೆಯಿಂದ ಆಳಾಗಿರುವವನನ್ನು ತಾನು ಕಂಡಿಲ್ಲ ಎಂದ.

“ಇನ್ನೂ ಯಾವಾಗ ಹೇಳ್ತೀರ?” ಎಂದು ವೆಂಕಟರತ್ನಮ್ಮ ಕೇಳಿದಳು.

“ನಾಳೆ.”

ನಾಳೆ ವೆಂಕಟರಾಯಪ್ಪನ ತೋಟದಲ್ಲಿ ಹಣ್ಣು ಕೀಳುವುದಿತ್ತು. ಅವನೇ ಜೀಪು ತಂದು ನಿಂತ. “ಬಾವಾ, ನಿಮ್ಮ ಆಳನ್ನ ಒಂದಿನ ನಮ್ ತೋಟಕ್ಕೆ ಕಳಿಸು. ನೀನೂ ಬಾ. ಮಂಡಿಯೋರೆಲ್ಲ ಬರ್ತವ್ರೆ.” ಡೆರಿಕ್ ಮಾವಿನ ತೋಟ ಎಂಬುದಷ್ಟನ್ನು ತಿಳಿದುಕೊಂಡು ಎಲ್ಲರಿಗಿಂತ ಮೊದಲು ಜೀಪು ಹತ್ತಿ ಕೂತಿದ್ದ.

ತೋಟದಲ್ಲಿ ಅವನು ಮಗುವಿನ ಹಾಗಾದ. ಬಲೆ ಕಟ್ಟಿದ ದೋಟಿ ಹಿಡಿದು ಕಾಯಿ ಕೆಡವುವುದನ್ನು ಕದಿರಮ್ಮ ಕಲಿಸಿದಳು. ಮೊದಲ ಕಾಯಿ ತಲೆಯ ಮೇಲೆ ಬಿದ್ದಾಗ ಹೆಂಗಸರು ನಕ್ಕರು, ಅವನೂ ನಕ್ಕ. ತೊಟ್ಟಿನ ಹಾಲು ಮೈಗೆ ತಾಗಿದರೆ ಸುಡುತ್ತದೆಂದು ಅವಳು ತೋರಿಸಿಕೊಟ್ಟರೆ, ಅವನು ತಲೆಯಾಡಿಸಿ ಜಾಗ್ರತೆಯಾಗಿ ತೊಟ್ಟು ಕೆಳಗೆ ಮಾಡಿ ಜೋಡಿಸಿದ. ಬಿಸಿಲಿಗೆ ಅವನ ಕತ್ತು ಟೊಮೆಟೊ ಬಣ್ಣಕ್ಕೆ ತಿರುಗಿತ್ತು. ದೊಡ್ಡನಾರಾಯಣಪ್ಪನನ್ನು ಮಂಡಿಯ ಜನ ತೋಟದ ಮನೆಯ ಜಗುಲಿಯಲ್ಲಿ, ಕುರ್ಚಿಯ ಮೇಲೆ, ನಡುವೆ ಕೂರಿಸಿದ್ದರು. ಅಲ್ಲಿಂದ ಅವನಿಗೆ ಎಲ್ಲ ಕಾಣುತ್ತಿತ್ತು.

ಊಟದ ಹೊತ್ತಾಯಿತು. ಜಗುಲಿಯಲ್ಲಿ ಯಜಮಾನರಿಗೆ ಎಲೆ ಹಾಕಿದರು. ಕೂಲಿಯವರು ಮಾವಿನಮರದ ನೆರಳಲ್ಲಿ ಸಾಲಾಗಿ ನೆಲಕ್ಕೆ ಕೂತರು. ಡೆರಿಕ್‌ನನ್ನು ಎಲ್ಲಿ ಕೂರಿಸಬೇಕೆಂದು ಬಡಿಸುವವನು ವೆಂಕಟರಾಯಪ್ಪನ ಮುಖ ನೋಡಿದ.

“ಆಳು ಆಳಿನ ಜೊತೆ ಕೂತ್ಕೊಳ್ಳಿ. ಏನ್ ಬಾವಾ?” ಎಂದ ವೆಂಕಟರಾಯಪ್ಪ.

ದೊಡ್ಡನಾರಾಯಣಪ್ಪ ಹೂಂ ಅನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ. ಎಲೆಗೆ ನೀರು ಚಿಮುಕಿಸಿದ.

ಡೆರಿಕ್ ಕದಿರಮ್ಮನ ಸಾಲಿನಲ್ಲಿ, ಬಹಳ ಕಷ್ಟದಿಂದ ಕಾಲು ಮಡಚಿ, ಸಂತೋಷವಾಗಿ ಕೂತ. ರಾಗಿಮುದ್ದೆ ಬಂತು. ಅವನು ಮುಟ್ಟಲಿಲ್ಲ. ತಲೆಯ ಮೇಲಿನ ಟೋಪಿ ತೆಗೆದು ಪಕ್ಕದ ನೆಲದ ಮೇಲೆ ಇಟ್ಟ. ಬಡಿಸುವವನು ಇನ್ನೊಬ್ಬನನ್ನು ಅಲ್ಲಿ ಕೂರಿಸಲು ಬಂದಾಗ, ಟೋಪಿಯ ಮೇಲೆ ಕೈಯಿಟ್ಟು, ಇಲ್ಲ ಇಲ್ಲ ಎಂದು ತಲೆಯಾಡಿಸಿ, ಜಗುಲಿಯ ಕಡೆ ಬೆರಳು ತೋರಿಸಿದ. ಆಮೇಲೆ ದೊಡ್ಡನಾರಾಯಣಪ್ಪನಿಗೆ ಕೈಬೀಸಿದ. ಬಾ, ನಿನಗೆ ಜಾಗ ಹಿಡಿದಿದ್ದೇನೆ ಎಂದು.

ಜಗುಲಿಯ ಜನ ನಕ್ಕರು. “ಪಕ್ಕಕ್ಕೇ ಕರೀತವ್ನೆ ಗೌಡ್ರನ್ನ,” ಎಂದ ಒಬ್ಬ. “ಸಲಿಗೆ ಜಾಸ್ತಿ ಕೊಟ್ಟಿದೀರ,” ಎಂದ ಇನ್ನೊಬ್ಬ.

ಜಗುಲಿಯಿಂದ ಆ ಮರಕ್ಕೆ ಬಹಳ ದೂರವೇನಿರಲಿಲ್ಲ. ಎದ್ದು, ಎಲೆ ಕೈಯಲ್ಲಿ ಹಿಡಿದು, ಇಳಿದು ಹೋಗಿ ಕೂತಿದ್ದರೆ ಮುಗಿಯುತ್ತಿತ್ತು. ಮಾತು ಕೂಡ ಬೇಕಾಗಿರಲಿಲ್ಲ. ದೊಡ್ಡನಾರಾಯಣಪ್ಪನ ಕಾಲುಗಳು ಒಮ್ಮೆ ಅಲುಗಾಡಿದವು. ಆಮೇಲೆ ಅವನು ಬಗ್ಗಿ ಮುದ್ದೆ ಮುರಿದ. ಮತ್ತೆ ತಲೆಯೆತ್ತಿ ನೋಡಿದಾಗ ಡೆರಿಕ್ ಇನ್ನೂ ಊಟ ಮುಟ್ಟಿರಲಿಲ್ಲ. ಎಲ್ಲರೂ ಕೈತೊಳೆದು ಏಳುವ ಹೊತ್ತಿಗೆ, ತಣ್ಣಗಾದ ಮುದ್ದೆಯನ್ನು ಕದಿರಮ್ಮನ ಬಲವಂತಕ್ಕೆ ಎರಡು ತುತ್ತು ನುಂಗಿ, ಟೋಪಿಯ ಮಣ್ಣು ಕೊಡವಿ ತಲೆಗಿಟ್ಟುಕೊಂಡ.

ಆ ಸಂಜೆ ವೆಂಕಟರತ್ನಮ್ಮ ತೋಟದಲ್ಲಿ ನಡೆದದ್ದನ್ನು ಕದಿರಮ್ಮನಿಂದ ಕೇಳಿ ತಿಳಿದಿದ್ದಳು. ಗಂಡನಿಗೆ ಊಟಕ್ಕೆ ಬಡಿಸಿ, ತಟ್ಟೆಯನ್ನು ಅವನ ಮುಂದೆ ತಳ್ಳಿ, ಒಳಗೆ ಹೋದಳು.

ಡೆರಿಕ್ ಹೊರಡುವ ದಿನ ದೊಡ್ಡನಾರಾಯಣಪ್ಪ ಗಟ್ಟಿ ಮನಸ್ಸು ಮಾಡಿದ. ಚಂದ್ರುವಿನ ಕಾರು ರಾಯಲ್ಪಾಡಿನ ಟೀ ಅಂಗಡಿಯ ಮುಂದೆ ನಿಂತಿತ್ತು. ಕಳಿಸಿಕೊಡಲು ಊರು ನೆರೆದಿತ್ತು, ವೆಂಕಟರಾಯಪ್ಪ ಹಾರ ತಂದಿದ್ದ. ದೊಡ್ಡನಾರಾಯಣಪ್ಪ ಬೆಂಚಿನ ಮೇಲೆ ಹತ್ತಿದ.

“ನಾನೊಂದು ಮಾತು ಹೇಳ್ಬೇಕು,” ಎಂದ. “ಈಯಪ್ಪ ನಮ್ಮ ಆಳಲ್ಲ. ಯಾವತ್ತೂ ಆಗಿರ್ಲಿಲ್ಲ. ನಮಗಿಂತ ದೊಡ್ಡ ಜಮೀನ್ದಾರ. ಅಲ್ಲಿ ಇವ್ರ ಕೊಟ್ಟಿಗೇಲಿ ಸಗಣಿ ಎತ್ತಿದ್ದು ನಾನು. ನಾನು ಸುಳ್ಳು ಹೇಳ್ದೆ.”

ಜನ ಒಬ್ಬರ ಮುಖ ಒಬ್ಬರು ನೋಡಿದರು.

“ಎಂಥಾ ದೊಡ್ಡ ಗುಣ,” ಎಂದ ಟೀ ಅಂಗಡಿಯವನು ಕೊನೆಗೆ. “ಆಳಾದ್ರೂ ಹೋಗೋವಾಗ ಬೇಜಾರಾಗ್ಬಾರ್ದು ಅಂತ ಯಜಮಾನ್ರು ತಮ್ಮನ್ನೇ ಕೆಳಗೆ ಇಟ್ಕೊತಾವ್ರೆ.”

“ನಿಜ ಕಣ್ರಯ್ಯ. ನನ್ನ ಮಾತು ಕೇಳಿ.”

“ಬಾವಾ, ಸಾಕು ಇಳಿ,” ಎಂದ ವೆಂಕಟರಾಯಪ್ಪ, ಕಣ್ಣಲ್ಲಿ ನೀರು ತಂದುಕೊಂಡು. “ಅವ್ನನ್ನೇ ಕೇಳೋಣ.” ಡೆರಿಕ್‌ನ ಭುಜ ತಟ್ಟಿ, “ಏನಪ್ಪಾ, ನೀನು ಯಾರು?” ಎಂದ.

ಎಲ್ಲರೂ ತನ್ನ ಕಡೆ ತಿರುಗಿದ್ದು ಕಂಡು, ಇದು ತನ್ನನ್ನು ಹೊಗಳುವ ಸಮಾರಂಭವೆಂದು ತಿಳಿದ ಡೆರಿಕ್ ಎದೆ ಮುಟ್ಟಿಕೊಂಡ. ಬೆಂಚಿನ ಮೇಲಿದ್ದ ದೊಡ್ಡನಾರಾಯಣಪ್ಪನನ್ನು ಪ್ರೀತಿಯಿಂದ ತೋರಿಸಿದ. “ನಾನು ಆಲು,” ಎಂದ, ಗಟ್ಟಿಯಾಗಿ. “ನಾರಾಯಣ್ ಆಲು.”

ಚಪ್ಪಾಳೆಗೆ ಮರದ ಮೇಲಿನ ಕಾಗೆಗಳು ಎದ್ದವು. ಹಾರ ಬಿದ್ದದ್ದು, ಮತ್ತೆ, ದೊಡ್ಡನಾರಾಯಣಪ್ಪನ ಕೊರಳಿಗೆ.

ಸಂಜೆ ಚಂದ್ರು ಏರ್‌ಪೋರ್ಟಿನಿಂದ ವಾಪಸು ಬಂದು ಕಾರು ತೊಳೆಯುತ್ತ ವರದಿ ಒಪ್ಪಿಸಿದ. ಒಳ್ಳೆಯ ಮನುಷ್ಯ, ದಾರಿಯುದ್ದಕ್ಕೂ ಮಾತಾಡಿಸಿದರು, ಕೋಲಾರ ದಾಟುವಾಗ ಬೆಟ್ಟದ ಹೆಸರು ಕೇಳಿದರು.

“ಆಮೇಲೆ ಆಳು ಅಂದ್ರೆ ಇಂಗ್ಲಿಷಲ್ಲಿ ಏನು ಅಂತ ಕೇಳಿದ್ರು ಮಾವ. ತಂಗಿ ಮಗನಿಗೆ ಹೇಳ್ಬೇಕಂತೆ, ಬರೆದು ಕೊಡು ಅಂದ್ರು.”

ದೊಡ್ಡನಾರಾಯಣಪ್ಪ ಕಾರಿನ ಹತ್ತಿರ ಬಂದ. “ನೀನೇನಂದೆ?”

“ಸರ್ವೆಂಟ್ ಅಂದೆ. ಸರಿ ತಾನೆ?” ಎಂದ ಚಂದ್ರು. “ಎರಡು ಸಲ ಕೇಳಿದ್ರು. ಎರಡು ಸಲಾನೂ ಸರಿಯಾಗೇ ಹೇಳ್ದೆ. ಆಮೇಲೆ ಕಿಟಕಿ ಕಡೆ ನೋಡ್ಕೊಂಡು ಕೂತ್ರು. ಸುಸ್ತಾಗಿತ್ತೇನೋ. ಇಳಿಯೋವಾಗ ನನಗೆ ಥ್ಯಾಂಕ್ಸ್ ಅಂದ್ರು.”

ದೊಡ್ಡನಾರಾಯಣಪ್ಪ ನಾಲ್ಕೈದು ದಿನ ತೋಟಕ್ಕೂ ಹೋಗಲಿಲ್ಲ, ಟೀ ಅಂಗಡಿಗೂ ಹೋಗಲಿಲ್ಲ. ರಾಧಾಳಿಗೆ ಫೋನು ಮಾಡಿದರೆ, ಡೆರಿಕ್ ಬಂದರು, ಮಗುವಿಗೆ ಬೊಂಬೆ ಕೊಟ್ಟರು, ಎಲ್ಲರೂ ಚೆನ್ನಾಗಿ ನೋಡಿಕೊಂಡರು ಎಂದರು, ನಿಂತೇ ಮಾತಾಡಿ ಹೊರಟರು ಎಂದಳು. ಒಂದು ಸಂಜೆ, ಇಲ್ಲಿ ದೀಪ ಹಚ್ಚಿ ಅಲ್ಲಿ ಇನ್ನೂ ಮಧ್ಯಾಹ್ನವಿರುವ ಹೊತ್ತಿಗೆ, ಅವನು ಮಗಳಿಗೆ ಎಲ್ಲವನ್ನೂ ಹೇಳಿದ. ಮಂಡಿಯ ಟೀವಿ, ಸನ್ಮಾನ, ಫ್ರೆಂಡ್ ಎಂದದ್ದು, ಮರದ ಕೆಳಗಿನ ಊಟ.

“ಫೋನ್ ತಗೊಂಡು ಅವ್ರ ಹತ್ರ ಹೋಗಮ್ಮ,” ಎಂದ. “ನಾನು ಹೇಳಿದ್ದನ್ನ ಹೇಳ್ದಂಗೆ ಹೇಳು. ಒಂದೂ ಬಿಡಬೇಡ.”

ಪರದೆಯ ಮೇಲೆ ರಸ್ತೆ ಕುಲುಕಾಡಿತು, ಬೇಲಿ ಬಂತು, ಗೇಟು ಬಂತು, ಕೊಟ್ಟಿಗೆ ಬಂತು. ಡೆರಿಕ್ ಹುಲ್ಲಿನ ಪೆಂಡಿಯ ಮೇಲೆ ಒಬ್ಬನೇ ಕೂತಿದ್ದ. ಫೋನು ಕಂಡು ಎದ್ದು ನಿಂತು, ಅಪರಿಚಿತರಿಗೆ ಎತ್ತುವ ಹಾಗೆ ಟೋಪಿ ಎತ್ತಿದ. ರಾಧಾ ಅಪ್ಪನ ಮಾತನ್ನು ಒಂದೊಂದಾಗಿ ಇಂಗ್ಲಿಷಿಗೆ ತಿರುಗಿಸಿದಳು. ದೊಡ್ಡನಾರಾಯಣಪ್ಪ ಚಿಂತಮಾನುಪಲ್ಲಿಯ ನಡುಮನೆಯಲ್ಲಿ ಫೋನಿನ ಮುಂದೆ ಕೈಮುಗಿದು ನಿಂತೇ ಇದ್ದ. ವೆಂಕಟರತ್ನಮ್ಮ ಬಾಗಿಲಲ್ಲಿ ನಿಂತಿದ್ದಳು.

ಎಲ್ಲ ಕೇಳಿಸಿಕೊಂಡ ಮೇಲೆ ಡೆರಿಕ್ ಮಾತಾಡಿದ. ನಿಧಾನವಾಗಿ, ತಗ್ಗಿದ ದನಿಯಲ್ಲಿ, ಬಹಳ ಹೊತ್ತು ಮಾತಾಡಿದ. ನಡುವೆ ಒಂದು ಸಲ ನಕ್ಕ ಹಾಗಿತ್ತು, ಒಂದು ಸಲ ನಿಲ್ಲಿಸಿ ಹೊಲದ ಕಡೆ ನೋಡಿದ. ಇಷ್ಟುದ್ದದ ಮಾತನ್ನು ದೊಡ್ಡನಾರಾಯಣಪ್ಪ ಅವನ ಬಾಯಲ್ಲಿ ಕೇಳಿರಲಿಲ್ಲ. ಒಂದು ಪದ ಕೂಡ ಅರ್ಥವಾಗಲಿಲ್ಲ. ಕೊನೆಗೆ ಡೆರಿಕ್ ತಲೆಯಾಡಿಸಿ ಹಸುಗಳ ಕಡೆ ನಡೆದುಹೋದ.

“ಏನಂದ್ರಮ್ಮ?” ಎಂದ ದೊಡ್ಡನಾರಾಯಣಪ್ಪ.

ರಾಧಾಳ ಮುಖ ಪರದೆಯಲ್ಲಿ ಕಾಣಲಿಲ್ಲ. ಫ್ರೇಮಿನಲ್ಲಿ ಖಾಲಿ ಪೆಂಡಿ ಮಾತ್ರ ಇತ್ತು.

“ಹಾಲು ಕರೆಯೋ ಹೊತ್ತಾಯ್ತಂತೆ ಅಪ್ಪ,” ಎಂದಳು.

ತಾರ್ನ್‌ವಿಕ್ಕಿನಲ್ಲಿ ಹಾಲು ಕರೆಯಲು ಇನ್ನೂ ಎರಡು ಗಂಟೆ ಇತ್ತು. ಅದು ದೊಡ್ಡನಾರಾಯಣಪ್ಪನಿಗೆ ಚೆನ್ನಾಗಿ ಗೊತ್ತಿತ್ತು. “ಸರಿಯಮ್ಮ, ಅವ್ರನ್ನ ತಡೀಬೇಡ,” ಎಂದು ಅವನು ಫೋನು ಕೆಳಗಿಟ್ಟ.